ಟೈರು ಬದಲಿಸುವ ಮುನ್ನ

ಮೆಲ್ಬರ್ನ್

ಪ್ರೀತಿಯ ಗೆಳೆಯರಿಗೆ,

ನಿಮ್ಮ ಪತ್ರ, ಅದರ ಜೊತೆ ಕಳಿಸಿದ ಫೋಟೊಗಳು ಎಲ್ಲ ತಲುಪಿದವು. ಅಂತೂ ಕ್ಯಾರವಾನ್ ಕೊಂಡೇಬಿಟ್ಟಿರಿ! ಅಡಿಲೇಡಿಗೆ ಬಂದಾಗಿನಿಂದ ನೀವು ಇದರ ಮಾತು ಆಡುತ್ತಲೇ ಇದ್ದಿರಿ. ಸೆಪ್ಟೆಂಬರಿನಲ್ಲಿ ಊರಿಂದ ಅಪ್ಪ-ಅಮ್ಮ ಬರುತ್ತಾರೆ, ಅವರನ್ನು ಕರೆದುಕೊಂಡು ನಲ್ಲರ್ಬೋರ್ ಬಯಲು ದಾಟಿ ಪರ್ತ್ ತನಕ ಹೋಗುತ್ತೇವೆ, ದಾರಿಯಲ್ಲಿ ಹೆಡ್ ಆಫ್ ಬೈಟ್‌ನಲ್ಲಿ ತಿಮಿಂಗಿಲ ತೋರಿಸುತ್ತೇವೆ ಎಂದು ಬರೆದಿದ್ದೀರಿ. ಓದಿ ಮನಸ್ಸು ತುಂಬಿ ಬಂತು. ಅಷ್ಟು ದೂರದ ಸಮುದ್ರದಂಚಿನಲ್ಲಿ ಅಮ್ಮ ನಿಂತು ನೋಡುವುದು ಸಣ್ಣ ಸಂಗತಿಯಲ್ಲ.

ಪತ್ರದ ಕೊನೆಯಲ್ಲಿ ಸಂಕೋಚದಿಂದ ಕೇಳಿದ ಪ್ರಶ್ನೆಗೆ ಈಗ ಬರುತ್ತೇನೆ. ಎಡಗಡೆಯ ಹಿಂದಿನ ಟೈರಿನ ಒಳಅಂಚು ಪೂರ್ತಿ ಬೋಳಾಗಿದೆ, ಅದೇ ಟೈರಿನ ಹೊರಗಿನ ಅರ್ಧ ಹೊಸದರ ಹಾಗಿದೆ. ಅಂಗಡಿಯವರು ನಾಲ್ಕೂ ಟೈರು ಬದಲಿಸಿ ಅಂತಾರೆ, ಬದಲಿಸಲೇ ಎಂದು ಕೇಳಿದ್ದೀರಿ. ಬೋಳಾದ ಟೈರಿನ ಮೇಲೆ ಇನ್ನೊಂದು ಕಿಲೋಮೀಟರ್ ಕೂಡ ಓಡಿಸಬೇಡಿ. ಸ್ಟೆಪ್ನಿ ಹಾಕಿ. ಆದರೆ ಹೊಸ ಟೈರಿಗೆ ದುಡ್ಡು ಕೊಡುವುದಕ್ಕೆ ಮೊದಲು, ಹಳೆಯದು ಯಾಕೆ ಹಾಗೆ ಸವೆಯಿತು ಎಂಬುದು ಗೊತ್ತಾಗಲೇಬೇಕು. ಕಾರಣ ಹಾಗೇ ಉಳಿದರೆ ಹೊಸ ಟೈರು ಕೂಡ ಅದೇ ಜಾಗದಲ್ಲಿ ಬೋಳಾಗುತ್ತದೆ, ಅದೂ ಮನೆಯ ಮುಂದೆ ಅಲ್ಲ, ಎರಡು ರೋಡ್‌ಹೌಸ್‌ಗಳ ನಡುವಿನ ಬಯಲಿನಲ್ಲಿ. ಬಿಚ್ಚಿದ ಟೈರನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಅದೊಂದು ದಾಖಲೆ. ಗಾಡಿ ಇಷ್ಟು ದಿನ ಹೇಗೆ ಓಡಿತು ಎನ್ನುವುದು ಆ ರಬ್ಬರಿನ ಮೇಲೆ ಬರೆದಿದೆ.

ಟೈರು ಉರುಳುವುದರಿಂದ ಹೆಚ್ಚು ಸವೆಯುವುದಿಲ್ಲ, ಉಜ್ಜುವುದರಿಂದ ಸವೆಯುತ್ತದೆ. ಸಾಣೆಕಲ್ಲಿನ ಮೇಲೆ ಗಂಧದ ಕೊರಡನ್ನು ಓರೆಯಾಗಿ ಹಿಡಿದು ತೇಯ್ದರೆ ಒಂದು ಮೂಲೆ ಮಾತ್ರ ಕರಗುತ್ತದಲ್ಲ, ಟೈರಿನದೂ ಅದೇ ಕತೆ. ಚಕ್ರ ಗಾಡಿ ಹೋಗುವ ದಿಕ್ಕಿಗೆ ಸರಿಯಾಗಿ ನೋಡುತ್ತಿದ್ದರೆ ಅದು ಬರೀ ಉರುಳುತ್ತದೆ. ಒಂದಿಷ್ಟು ಪಕ್ಕಕ್ಕೆ ತಿರುಗಿ ನಿಂತಿದ್ದರೆ ಉರುಳುತ್ತಲೇ ಪಕ್ಕಕ್ಕೂ ಉಜ್ಜಿಕೊಳ್ಳುತ್ತದೆ. ಎಷ್ಟು ತಿರುಗಿದರೆ ಎಷ್ಟು ಉಜ್ಜುತ್ತದೆ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ನೀವು ಹೋಗಲಿರುವ ಐರ್ ಹೆದ್ದಾರಿಯಲ್ಲಿ ಬಲ್ಲಡೋನಿಯಾ ಮತ್ತು ಕೈಗೂನಾ ನಡುವೆ 146.6 ಕಿ.ಮೀ. ಒಂದೇ ಒಂದು ತಿರುವಿಲ್ಲದ ರಸ್ತೆ ಇದೆ. ಚಕ್ರ ಬರೀ ಅರ್ಧ ಡಿಗ್ರಿ ಓರೆಯಿದ್ದರೆ ಕಿಲೋಮೀಟರಿಗೆ ಸುಮಾರು 8.7 ಮೀಟರ್ ಪಕ್ಕಕ್ಕೆ ಉಜ್ಜಬೇಕಾಗುತ್ತದೆ. ಆ ನೇರ ರಸ್ತೆಯೊಂದನ್ನು ಮುಗಿಸುವಷ್ಟರಲ್ಲಿ, ಸ್ಟೀರಿಂಗ್ ತಿರುಗಿಸದೆಯೂ, ಆ ಟೈರನ್ನು ನೀವು ಒಂದೂಕಾಲು ಕಿಲೋಮೀಟರಿನಷ್ಟು ಅಡ್ಡಡ್ಡ ಎಳೆದಿರುತ್ತೀರಿ. ನಿಮ್ಮ 235/75 ಆರ್15 ಅಳತೆಯ ಟೈರಿನಲ್ಲಿ ಅರ್ಧ ಡಿಗ್ರಿ ಎಂದರೆ ಮುಂದಂಚಿಗೂ ಹಿಂದಂಚಿಗೂ ಆರು ಮಿಲಿಮೀಟರ್ ಚಿಲ್ಲರೆ ವ್ಯತ್ಯಾಸ. ನಿಂತು ನೋಡಿದರೆ ಕಣ್ಣಿಗೆ ಬೀಳುವುದೇ ಇಲ್ಲ.

ಕಾರಿನಲ್ಲಾದರೆ ಇಂಥ ದೋಷ ಬೇಗ ತಿಳಿಯುತ್ತದೆ. ಸ್ಟೀರಿಂಗ್ ಒಂದು ಕಡೆ ಎಳೆಯುತ್ತದೆ, ಕೈಗೆ ನಡುಕ ಬರುತ್ತದೆ, ಸದ್ದು ಕೇಳುತ್ತದೆ. ಕ್ಯಾರವಾನ್ ಹಿಂದೆ ಐದಾರು ಮೀಟರ್ ದೂರದಲ್ಲಿ ಸುಮ್ಮನೆ ಬರುತ್ತಿರುತ್ತದೆ. ಅದಕ್ಕೆ ಸ್ಟೀರಿಂಗ್ ಇಲ್ಲ, ಒಳಗೆ ಕುಳಿತು ಸದ್ದು ಕೇಳಿಸಿಕೊಳ್ಳುವವರಿಲ್ಲ. ಕಾರು ಹೆಚ್ಚಿನ ದಿನ ಅರ್ಧ ಖಾಲಿ ಓಡಿದರೆ, ಕ್ಯಾರವಾನ್ ಹೊರಟಿತೆಂದರೆ ತನ್ನ ಮಿತಿಯ ಹತ್ತಿರದ ಭಾರ ಹೊತ್ತೇ ಹೊರಡುತ್ತದೆ. ಉಳಿದ ತಿಂಗಳೆಲ್ಲ ಅಂಗಳದಲ್ಲಿ ಭಾರ ಹೊತ್ತು ನಿಂತಿರುತ್ತದೆ. ಮೇಲಾಗಿ ಒಳಅಂಚು ಗಾಡಿಯ ಅಡಿಗೆ ಮುಖ ಮಾಡಿರುವುದರಿಂದ ಬಗ್ಗಿ ನೋಡದ ಹೊರತು ಕಾಣುವುದೇ ಇಲ್ಲ. ಇಷ್ಟು ದಿನ ನಿಮ್ಮ ಕಣ್ಣಿಗೆ ಬೀಳದಿದ್ದುದರಲ್ಲಿ ಆಶ್ಚರ್ಯವಿಲ್ಲ, ಬಿದ್ದದ್ದೇ ಪುಣ್ಯ.

ಈಗ ಟೈರು ಓದುವ ಕೆಲಸ. ಒಂದು ಟ್ರೆಡ್ ಗೇಜ್ ಕೊಳ್ಳಿ, ಹತ್ತು ಹದಿನೈದು ಡಾಲರಿನೊಳಗೆ ಸಿಗುತ್ತದೆ. ಒಂದು ನೋಟ್‌ಬುಕ್, ಸೀಮೆಸುಣ್ಣ, ದಪ್ಪ ಕೈಗವಸು ಇಟ್ಟುಕೊಳ್ಳಿ. ಬೋಳಾದ ಅಂಚಿನಲ್ಲಿ ಉಕ್ಕಿನ ತಂತಿ ಹೊರಬಂದಿದ್ದರೆ ಬೆರಳು ಸೀಳುತ್ತದೆ, ಅದಕ್ಕೇ ಗವಸು. ಯಾವ ಟೈರೂ ಜಾಗ ಬದಲಾಗುವ ಮೊದಲು ಒಂದೊಂದರ ಮೇಲೂ ಅದು ಎಲ್ಲಿತ್ತು, ಯಾವ ಬದಿ ಹೊರಗಿತ್ತು ಎಂದು ಸುಣ್ಣದಲ್ಲಿ ಬರೆಯಿರಿ. ಆಮೇಲೆ ಪ್ರತಿ ಟೈರಿನಲ್ಲೂ ಒಳಗಿನ ಗೆರೆ, ನಡುವಿನ ಗೆರೆ, ಹೊರಗಿನ ಗೆರೆ ಈ ಮೂರರ ಆಳ ಅಳೆಯಿರಿ. ಸುತ್ತಳತೆಯಲ್ಲಿ ನಾಲ್ಕು ಕಡೆ ಹೀಗೆ ಮಾಡಿ. ಹೊಸ ರಸ್ತೆ ಟೈರಿನ ಬಟನ್ ಆಳ ಸುಮಾರು 8 ಮಿ.ಮೀ. ಇರುತ್ತದೆ; ಆಸ್ಟ್ರೇಲಿಯಾದ ಕಾನೂನು 1.5 ಮಿ.ಮೀ.ಗಿಂತ ಕಡಿಮೆಯಾದ ಟೈರನ್ನು ಒಪ್ಪುವುದಿಲ್ಲ. ನಡುವಿನಲ್ಲಿ 6 ಮಿ.ಮೀ. ಇದೆ ಅಂತ ಒಳಅಂಚಿನ ಬೋಳುತನಕ್ಕೆ ರಿಯಾಯಿತಿ ಇಲ್ಲ.

ಅಂಕಿಗಳು ಕೈಗೆ ಬಂದ ಮೇಲೆ ಮೂರೇ ಪ್ರಶ್ನೆ ಕೇಳಿ. ಅಡ್ಡಲಾಗಿ ನೋಡಿದರೆ ಸವೆತ ಎಲ್ಲಿದೆ? ಸುತ್ತಲೂ ಒಂದೇ ಸಮ ಇದೆಯೇ, ಅಲ್ಲಲ್ಲಿ ಇದೆಯೇ? ನಾಲ್ಕು ಟೈರುಗಳಲ್ಲಿ ಯಾವುದರಲ್ಲಿದೆ?

ಮೊದಲನೆಯದು, ಅಡ್ಡಲಾಗಿ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ, ಇಲ್ಲವೇ ಆ ಗಾಳಿ ತಡೆಯಲಾರದಷ್ಟು ಭಾರ. ನಡು ಸವೆದು ಅಂಚು ಉಳಿದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಗಾಳಿಯನ್ನು ದೂರಬೇಡಿ. ಆಗ ಚಕ್ರ ನಿಂತಿರುವ ರೀತಿಯಲ್ಲೇ ದೋಷ ಇದೆ. ಆ ರೀತಿಯಲ್ಲಿ ಎರಡು ಬಗೆ. ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು ಟೋ. ಕ್ಯಾಂಬರ್ ನಿಧಾನವಾಗಿ, ನುಣ್ಣಗೆ ತಿನ್ನುತ್ತದೆ. ಟೋ ಬೇಗ ತಿನ್ನುತ್ತದೆ, ಗುರುತನ್ನೂ ಬಿಡುತ್ತದೆ. ಆ ಗುರುತು ಕಣ್ಣಿಗಿಂತ ಅಂಗೈಗೆ ಚೆನ್ನಾಗಿ ತಿಳಿಯುತ್ತದೆ. ತಂತಿ ಇಲ್ಲದ ಜಾಗ ನೋಡಿಕೊಂಡು, ಬರಿಗೈಯನ್ನು ಬಟನ್‌ಗಳ ಮೇಲೆ ಹೊರಗಿನಿಂದ ಒಳಕ್ಕೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ ಸವರಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ತಡೆಯಿತೆಂದರೆ ಟೋ ಕೆಟ್ಟಿದೆ. ಒಳಕ್ಕೆ ಸವರುವಾಗ ನುಣುಪಾಗಿದ್ದು ಹೊರಕ್ಕೆ ಎಳೆಯುವಾಗ ತಡೆದರೆ ಚಕ್ರದ ಮೂತಿ ಒಳಕ್ಕಿದೆ. ಅದಕ್ಕೆ ತಿರುಗುಮುರುಗಾದರೆ ಹೊರಕ್ಕಿದೆ. ಮೂತಿ ಹೊರಕ್ಕಿದ್ದರೆ ಒಳಅಂಚು ಸವೆಯುತ್ತದೆ, ನಿಮ್ಮ ಟೈರಿನಲ್ಲಿ ಆಗಿರುವ ಹಾಗೆ. ಎರಡೂ ದಿಕ್ಕಿನಲ್ಲಿ ನುಣುಪಾಗಿದ್ದರೆ ಮೊದಲ ಅನುಮಾನ ಕ್ಯಾಂಬರ್ ಮೇಲೆ.

ಎರಡನೆಯದು, ಸುತ್ತಲೂ. ಚಕ್ರ ನಿಂತಿರುವ ರೀತಿ ಸರಿಯಿಲ್ಲದಿದ್ದರೆ ಸವೆತ ಸುತ್ತಲೂ ಒಂದೇ ಸಮ ಇರುತ್ತದೆ. ಅಲ್ಲಲ್ಲಿ ತಗ್ಗು ಬಿದ್ದು ಅಲೆಅಲೆಯಾಗಿದ್ದರೆ ಚಕ್ರ ಕುಣಿಯುತ್ತ ಓಡಿದೆ ಎಂದು ಅರ್ಥ: ಬೇರಿಂಗ್ ಸಡಿಲ, ಶಾಕ್ ಅಬ್ಸಾರ್ಬರ್ ಸತ್ತಿದೆ, ಇಲ್ಲವೇ ಬ್ಯಾಲೆನ್ಸಿಂಗ್ ಮಾಡಿಸಿಲ್ಲ. ಕ್ಯಾರವಾನ್ ಚಕ್ರಗಳಿಗೆ ಬ್ಯಾಲೆನ್ಸಿಂಗ್ ಯಾಕೆ ಎಂದು ಬಿಟ್ಟುಬಿಡುವವರೇ ಹೆಚ್ಚು, ನೀವು ಬಿಡಬೇಡಿ. ಒಂದೇ ಕಡೆ ಅಂಗೈಯಗಲ ಚಪ್ಪಟೆಯಾಗಿ ಸವೆದಿದ್ದರೆ ಬ್ರೇಕ್ ಹಿಡಿದು ಚಕ್ರ ತಿರುಗದೆ ಜಾರಿದೆ. ಇಲ್ಲಿಯ ಕ್ಯಾರವಾನುಗಳಲ್ಲಿರುವ ಎಲೆಕ್ಟ್ರಿಕ್ ಡ್ರಮ್ ಬ್ರೇಕಿನಲ್ಲಿ ಒಂದು ಚಕ್ರ ಉಳಿದವಕ್ಕಿಂತ ಬೇಗ ಕಚ್ಚಿಕೊಂಡರೆ ಹೀಗಾಗುತ್ತದೆ.

ಮೂರನೆಯದು, ನಾಲ್ಕರಲ್ಲಿ ಯಾವುದು. ನಾಲ್ಕೂ ಒಂದೇ ಬಗೆಯಲ್ಲಿ ಸವೆದಿದ್ದರೆ ಗಾಳಿ, ಭಾರ. ಒಂದೇ ಆಕ್ಸಲ್‌ನ ಎರಡೂ ಟೈರುಗಳ ಒಳಅಂಚು ಹೋಗಿದ್ದರೆ ಆ ಆಕ್ಸಲ್ ಭಾರಕ್ಕೆ ಕೆಳಕ್ಕೆ ಬಾಗಿ ಎರಡೂ ಚಕ್ರದ ತಲೆ ಒಳಕ್ಕೆ ವಾಲಿರಬಹುದು. ಒಂದರ ಒಳಅಂಚು, ಎದುರಿನದರ ಹೊರಅಂಚು ಹೋಗಿದ್ದರೆ ಆಕ್ಸಲ್ಲೇ ಗಾಡಿಗೆ ಅಡ್ಡಲಾಗಿ ನೆಟ್ಟಗೆ ಕೂತಿಲ್ಲ. ಎರಡು ಆಕ್ಸಲ್‌ನ ಗಾಡಿಯಲ್ಲಿ ಎಲ್ಲ ಟೈರುಗಳ ಅಂಚೂ ಅಷ್ಟಿಷ್ಟು ಉಜ್ಜಿರುವುದು ಸಹಜ, ಅದಕ್ಕೆ ಗಾಬರಿ ಬೇಡ. ಕ್ಯಾರವಾನ್ ಪಾರ್ಕಿನ ಇಕ್ಕಟ್ಟಿನಲ್ಲಿ ಹಿಂದಕ್ಕೆ ತಿರುಗಿಸುವಾಗ ಒಂದೇ ಬದಿಯ ಎರಡು ಚಕ್ರ ಒಂದನ್ನೊಂದು ಎಳೆದಾಡುತ್ತವೆ; ಟೈರಿನ ಪಕ್ಕೆ ಸೊಟ್ಟಗಾಗುವುದು ಹೊರಗೆ ನಿಂತವರಿಗೆ ಕಾಣುತ್ತದೆ. ಸಾಧ್ಯವಾದಷ್ಟು ಅಗಲವಾಗಿ ತಿರುಗಿಸಿ, ಅಷ್ಟು ಸಾಕು.

ಈಗ ನಿಮ್ಮ ಗಾಡಿ. ನೀವು ಬರೆದಂತೆ ಒಂದೇ ಟೈರು, ಒಂದೇ ಅಂಚು, ಸುತ್ತಲೂ ಒಂದೇ ಸಮ. ಹಾಗಾದರೆ ಗಾಳಿ ಒಂದೇ ಕಾರಣವಲ್ಲ, ಬ್ರೇಕೂ ಅಲ್ಲ. ಉಳಿದ ಅನುಮಾನ ಮೂರು: ಆ ಚಕ್ರದ ಬೇರಿಂಗ್ ಸಡಿಲವಾಗಿ ಚಕ್ರ ವಾಲುತ್ತಿದೆ, ಹಿಂದಿನ ಆಕ್ಸಲ್‌ನ ಎಡತುದಿ ಹಿಂದಕ್ಕೆ ಸರಿದಿದೆ, ಇಲ್ಲವೇ ಆಕ್ಸಲ್‌ನ ಎಡತುದಿ ಬಾಗಿದೆ. ನೀವು ಕಳಿಸಿದ ಫೋಟೊಗಳಲ್ಲಿ ಬಲಗಡೆಯ ಹಿಂದಿನ ಟೈರು ಇಲ್ಲ. ಅದರ ಹೊರಅಂಚನ್ನು ಮೊದಲು ನೋಡಿ. ಅದು ಒಂದೆರಡು ಮಿಲಿಮೀಟರ್ ಹೆಚ್ಚು ಸವೆದಿದ್ದರೆ ಎರಡನೆಯ ಅನುಮಾನ ಗಟ್ಟಿಯಾಗುತ್ತದೆ, ಯಾಕೆಂದರೆ ಆಕ್ಸಲ್‌ನ ಎಡತುದಿ ಹಿಂದೆ ಸರಿದರೆ ಎರಡೂ ಚಕ್ರ ಎಡಕ್ಕೆ ಮೂತಿ ತಿರುಗಿಸುತ್ತವೆ. ಎಡದ್ದರ ಒಳಅಂಚು, ಬಲದ್ದರ ಹೊರಅಂಚು ಉಜ್ಜುತ್ತದೆ. ಬಲಗಡೆಯದು ಸರಿಯಿದ್ದರೆ ಬೇರಿಂಗ್ ಅಥವಾ ಬಾಗಿದ ತುದಿ. ಊರಿನ ಹಾಗೆ ಇಲ್ಲೂ ಎಡಬದಿಯ ಓಟ, ಆದ್ದರಿಂದ ರಸ್ತೆಯಂಚಿನ ಕಲ್ಲಿಗೆ, ಪೆಟ್ರೋಲ್ ಬಂಕಿನ ಕಟ್ಟೆಗೆ ತಾಗುವುದು ಹೆಚ್ಚಾಗಿ ಎಡಚಕ್ರವೇ. ತಿರುವಿನಲ್ಲಿ ಗಾಡಿಯ ಹಿಂಭಾಗ ಕಾರಿಗಿಂತ ಒಳಗೆ ಕೊಯ್ದುಕೊಂಡು ಬರುವುದರಿಂದ ಆ ಪೆಟ್ಟು ಹಿಂದಿನ ಚಕ್ರಕ್ಕೆ ಬೀಳುತ್ತದೆ. ರಿಮ್ಮಿನ ಹೊರಬದಿಯಲ್ಲಿ ಗೀರು, ಜಜ್ಜಿದ ಗುರುತು ಇದೆಯೇ ಹುಡುಕಿ.

ಪರೀಕ್ಷೆಗಳನ್ನು ಖರ್ಚು ಕಡಿಮೆಯದರಿಂದ ಹೆಚ್ಚಿನದರ ಕಡೆಗೆ ಮಾಡುತ್ತ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಒಟ್ಟಿಗೆ ನಾಲ್ಕು ಕೆಲಸ ಮಾಡಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದೇ ಇಲ್ಲ.

ಗಾಳಿಯನ್ನು ಬೆಳಿಗ್ಗೆ, ಗಾಡಿ ಕದಲುವ ಮೊದಲು, ಬಿಸಿಲು ಬೀಳುವ ಮೊದಲು ನೋಡಿ. ಗಾಡಿಯ ಮೇಲಿನ ಪ್ಲೇಟಿನಲ್ಲಿ ಟೈರಿನ ಅಳತೆ, ಗಾಳಿಯ ಒತ್ತಡ ಬರೆದಿರುತ್ತದೆ, ಅಲ್ಲಿಂದ ಶುರುಮಾಡಿ. ಆಮೇಲೆ ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿ ಮತ್ತೆ ಅಳೆಯಿರಿ. ಇಲ್ಲಿಯ ಅನುಭವಿಗಳು ಹೇಳುವ ಲೆಕ್ಕ ಇದು: ಮಾಮೂಲಿ ಕಾರು ಟೈರಾದರೆ ಬಿಸಿಯಾದ ಮೇಲೆ ಸುಮಾರು 4 ಪಿಎಸ್‌ಐ, ಲೈಟ್ ಟ್ರಕ್ ಟೈರಾದರೆ ಸುಮಾರು 6 ಪಿಎಸ್‌ಐ ಏರಬೇಕು. ಅದಕ್ಕಿಂತ ಹೆಚ್ಚು ಏರಿದರೆ ಟೈರು ವಿಪರೀತ ಮಡಚಿಕೊಂಡು ಕಾಯುತ್ತಿದೆ, ಅಂದರೆ ಬೆಳಗಿನ ಗಾಳಿ ಸಾಲದು. ಅಷ್ಟೂ ಏರದಿದ್ದರೆ ಗಾಳಿ ಜಾಸ್ತಿ. ನಾಲ್ಕರಲ್ಲಿ ಮೂರು ಒಂದೇ ಸಮ ಏರಿ ಒಂದು ಮಾತ್ರ ಹೆಚ್ಚು ಏರಿದರೆ ಆ ಮೂಲೆಯಲ್ಲಿ ಭಾರವೋ ಬ್ರೇಕೋ ಬೇರಿಂಗೋ ಏನೋ ಇದೆ.

ಆಮೇಲೆ ತೂಕ. ಇದನ್ನು ಯಾರೂ ಬೇಗ ಮಾಡಿಸುವುದಿಲ್ಲ, ಎಲ್ಲರೂ ಮೊದಲು ಮಾಡಿಸಬೇಕಾದದ್ದು ಇದೇ. ಪ್ರಯಾಣಕ್ಕೆ ಕಟ್ಟುವ ಎಲ್ಲ ಸಾಮಾನು ತುಂಬಿ, ನೀರಿನ ಟ್ಯಾಂಕು ತುಂಬಿಸಿ ವೇಬ್ರಿಡ್ಜಿಗೆ ಒಯ್ಯಿರಿ. ಪ್ಲೇಟಿನಲ್ಲಿ ಎಟಿಎಂ ಎಂದಿರುವುದು ಕಾರಿನಿಂದ ಬಿಚ್ಚಿದ ಗಾಡಿಗೆ ಇರುವ ಒಟ್ಟು ತೂಕದ ಮಿತಿ; ಜಿಟಿಎಂ ಎಂದಿರುವುದು ಕಾರಿಗೆ ಸಿಕ್ಕಿಸಿದಾಗ ಗಾಡಿಯ ಚಕ್ರಗಳ ಮೇಲೆ ಬೀಳಬಹುದಾದ ಭಾರದ ಮಿತಿ. ಎರಡನ್ನೂ ತಾಳೆ ನೋಡಿ. ಸಾಧ್ಯವಾದರೆ ಒಂದೊಂದು ಚಕ್ರದ ಭಾರವನ್ನೂ ಬೇರೆ ಬೇರೆ ತೂಗಿಸಿ. ಇದಕ್ಕೆಂದೇ ಸಣ್ಣ ತಕ್ಕಡಿ ಹೊತ್ತು ಮನೆಬಾಗಿಲಿಗೆ ಬರುವವರು ಈಗ ದೊಡ್ಡ ಊರುಗಳಲ್ಲೆಲ್ಲ ಇದ್ದಾರೆ. ಒಟ್ಟು ತೂಕ ಮಿತಿಯೊಳಗೇ ಇದ್ದು ಒಂದು ಮೂಲೆ ಮಾತ್ರ ನಲುಗುತ್ತಿರುವುದುಂಟು. 95 ಲೀಟರಿನ ಎರಡು ಟ್ಯಾಂಕ್ ತುಂಬಿದರೆ 190 ಕಿಲೋ. ಫ್ರಿಜ್, ಬ್ಯಾಟರಿ, ಅಡುಗೆಕಟ್ಟೆ ಒಂದೇ ಮಗ್ಗುಲಿಗಿರುವ ಗಾಡಿಗಳು ಬೇಕಾದಷ್ಟು. ಅದೇ ಮಗ್ಗುಲಿನ ಕಪಾಟಿನಲ್ಲಿ ನಮ್ಮವರ ಅಕ್ಕಿಯ ಚೀಲ, ಗ್ರೈಂಡರ್, ಕುಕ್ಕರ್, ಉಪ್ಪಿನಕಾಯಿ ಜಾಡಿ ಎಲ್ಲ ಸೇರಿದರೆ ಇನ್ನೊಂದು ನಲವತ್ತು ಕಿಲೋ ಸುಲಭವಾಗಿ ಏರುತ್ತದೆ. ನಿಮ್ಮ ಮನೆಯವರಿಗೆ ಹೇಳಿ, ಭಾರದ ಸಾಮಾನು ಆಕ್ಸಲ್‌ಗಳ ಮೇಲೆ, ನೆಲದ ಮಟ್ಟದಲ್ಲಿ, ಎರಡೂ ಬದಿಗೆ ಹಂಚಿ ಇಡಲಿ.

ಇದೇ ಹೊತ್ತಿಗೆ ಗಾಡಿಯನ್ನು ಕಾರಿಗೆ ಸಿಕ್ಕಿಸಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಪಕ್ಕದಿಂದ ನೋಡಿ. ಮೂತಿ ಎತ್ತಿದ್ದರೆ ಹಿಂದಿನ ಆಕ್ಸಲ್ ಮೇಲೆ, ಮೂತಿ ತಗ್ಗಿದ್ದರೆ ಮುಂದಿನದರ ಮೇಲೆ ಹೆಚ್ಚು ಭಾರ ಬೀಳುತ್ತದೆ. ನಿಮ್ಮದು ಲೀಫ್ ಸ್ಪ್ರಿಂಗಿನ ಗಾಡಿ. ಎರಡು ಸ್ಪ್ರಿಂಗುಗಳ ನಡುವಿನ ರಾಕರ್ ಅತ್ತಿತ್ತ ಆಡುತ್ತ ಭಾರವನ್ನು ಎರಡಕ್ಕೂ ಹಂಚುತ್ತದೆ. ಅದು ತುಕ್ಕು ಹಿಡಿದು ಬಿಗಿದುಕೊಂಡಿದ್ದರೆ ಹಂಚಿಕೆ ನಿಂತಂತೆ.

ಬೇರಿಂಗ್ ಪರೀಕ್ಷೆ ನೀವೇ ಮಾಡಬಹುದು. ಗಾಡಿ ಕಾರಿಗೆ ಸಿಕ್ಕಿಸಿಯೇ ಇರಲಿ, ಎದುರು ಬದಿಯ ಚಕ್ರಗಳಿಗೆ ಮುಂದೆ-ಹಿಂದೆ ಅಡೆ ಕೊಡಿ, ತಯಾರಕರು ಹೇಳಿದ ಜಾಗದಲ್ಲೇ ಜಾಕ್ ಕೊಡಿ, ಸ್ಟ್ಯಾಂಡ್ ಇಡದೆ ಕೈಕಾಲು ಅಡಿಗೆ ಹಾಕಬೇಡಿ. ಚಕ್ರದ ತುತ್ತತುದಿಗೆ ಒಂದು ಕೈ, ತಳಕ್ಕೆ ಒಂದು ಕೈ ಹಿಡಿದು ಒಳಕ್ಕೆ ಹೊರಕ್ಕೆ ಅಲುಗಿಸಿ. ಕೈಗೆ ತಿಳಿದೂ ತಿಳಿಯದಷ್ಟು ಆಟ ಇದ್ದರೆ ಸರಿ. ಟಕ್ ಟಕ್ ಎಂದು ಬಡಿದರೆ ಸರಿಯಲ್ಲ. ಆಮೇಲೆ ಚಕ್ರ ತಿರುಗಿಸಿ, ಸ್ಪ್ರಿಂಗಿನ ಮೇಲೆ ಬೆರಳಿಟ್ಟುಕೊಂಡು ಕೇಳಿ. ಗೊರಗೊರ ಅನ್ನುವುದು, ಮರಳು ಅರೆದ ಹಾಗೆ ಬೆರಳಿಗೆ ತಾಗುವುದು ಬೇರಿಂಗ್ ಹೋದ ಲಕ್ಷಣ. ಬಿಚ್ಚಿಸಿದಾಗ ಗ್ರೀಸನ್ನು ನೋಡಿ: ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ, ರೋಲರ್‌ಗಳಿಗೆ ನೀಲಿ ಛಾಯೆ ಬಂದಿದ್ದರೆ ವಿಪರೀತ ಕಾದಿದೆ. ಸೆಕೆಂಡ್ ಹ್ಯಾಂಡ್ ಗಾಡಿಯಾದ್ದರಿಂದ ಏನೇ ಇರಲಿ ನಾಲ್ಕೂ ಚಕ್ರದ ಬೇರಿಂಗ್ ಒಮ್ಮೆ ಬಿಚ್ಚಿಸಿ, ತೊಳೆಸಿ, ಹೊಸ ಗ್ರೀಸ್ ತುಂಬಿಸಿ. ಆಮೇಲೆ ವರ್ಷಕ್ಕೊಮ್ಮೆ ಅಥವಾ 10,000 ಕಿ.ಮೀ.ಗೊಮ್ಮೆ, ಯಾವುದು ಮೊದಲೋ ಆಗ.

ಮುಂದೆ ಸ್ಪ್ರಿಂಗ್‌ಗಳ ಸರದಿ. ಟಾರ್ಚ್ ಹಿಡಿದು ಅಡಿಯಲ್ಲಿ ನೋಡಿ. ಆಕ್ಸಲ್ಲನ್ನು ಸ್ಪ್ರಿಂಗಿಗೆ ಬಿಗಿದಿರುವ ಯು ಬೋಲ್ಟ್‌ಗಳು ಸಡಿಲವೇ? ಅವುಗಳ ಪಕ್ಕದಲ್ಲಿ ಬಣ್ಣ ಉಜ್ಜಿಹೋಗಿ ಹೊಳೆಯುವ ಲೋಹ ಕಂಡರೆ ಆಕ್ಸಲ್ ಅಲ್ಲಿ ಜರುಗುತ್ತಿದೆ. ಪಟ್ಟಿಗಳನ್ನು ಪೋಣಿಸಿ ಹಿಡಿದಿರುವ ನಡುವಿನ ಸಣ್ಣ ಬೋಲ್ಟ್ ಒಳಗೇ ಮುರಿದಿದ್ದರೆ ಹೊರಗೆ ಏನೂ ಕಾಣದು, ಆದರೆ ಆಕ್ಸಲ್‌ನ ಆ ತುದಿ ಹಿಂದಕ್ಕೆ ಸರಿದಿರುತ್ತದೆ. ಶ್ಯಾಕಲ್ ಬೋಲ್ಟ್ ಮತ್ತು ಬುಷ್ ಸವೆದಿರುವುದು ಬಹಳ ಮಾಮೂಲು. ಮಣ್ಣುರಸ್ತೆಯಲ್ಲಿ ಓಡಿದ ಗಾಡಿಯಲ್ಲಂತೂ ಬೋಲ್ಟ್ ಅರ್ಧ ತಿಂದುಹೋಗಿರುತ್ತದೆ. ಹಿಂದಿನ ಮಾಲೀಕರು ಅಂಥ ರಸ್ತೆಗಳಲ್ಲಿ ಓಡಾಡಿದ್ದರು ಎಂದು ಬರೆದಿದ್ದೀರಿ. ಹಾಗಾಗಿ ಇಲ್ಲಿ ಸಮಯ ತೆಗೆದುಕೊಂಡು ನೋಡಿ.

ಈಗ ಟೇಪು. ಇದು ನನಗೆ ಬಹಳ ಇಷ್ಟದ ಪರೀಕ್ಷೆ, ಯಾಕೆಂದರೆ ಇದರಲ್ಲಿ ವಾದಕ್ಕೆ ಎಡೆಯೇ ಇಲ್ಲ. ಸಮತಟ್ಟಾದ ಕಾಂಕ್ರೀಟ್ ಮೇಲೆ ಗಾಡಿಯನ್ನು ನೇರ ಮುಂದಕ್ಕೆ ಎಳೆದು ನಿಲ್ಲಿಸಿ, ಚಕ್ರಗಳಲ್ಲಿ ತಿರುಚು ಉಳಿದಿರಬಾರದು. ಕಾರಿಗೆ ಸಿಕ್ಕಿಸುವ ಮೂತಿಯ ನಟ್ಟನಡುವಿನಿಂದ ಮುಂದಿನ ಆಕ್ಸಲ್‌ನ ಎಡತುದಿಯ ಒಂದು ಗುರುತಿಗೆ ಅಳೆಯಿರಿ. ಆಮೇಲೆ ಬಲತುದಿಯ ಅದೇ ಗುರುತಿಗೆ. ಸ್ಟೀಲ್ ಟೇಪ್ ಬಿಗಿಯಾಗಿರಲಿ, ಆ ತುದಿಯನ್ನು ಒಬ್ಬರು ಹಿಡಿದಿರಲಿ. ಎರಡೂ ಒಂದೇ ಬರಬೇಕು. ಒಂದೆರಡು ಮಿಲಿಮೀಟರ್ ಅಳತೆಯ ತಪ್ಪೆಂದು ಬಿಡಬಹುದು, ಹತ್ತು ಮಿಲಿಮೀಟರನ್ನು ಬಿಡಲಾಗದು. ಆಮೇಲೆ ಎಡಗಡೆ ಎರಡು ಚಕ್ರಗಳ ನಡುಗುಬ್ಬಿಗಳ (ಹಬ್) ಅಂತರ, ಬಲಗಡೆ ಅದೇ ಅಂತರ. ಇವೂ ಒಂದೇ ಬರಬೇಕು. ಎಡಗಡೆಯದು ಹೆಚ್ಚು ಬಂದರೆ ಹಿಂದಿನ ಆಕ್ಸಲ್‌ನ ಎಡತುದಿ ಸರಿದಿರುವುದು ಖಚಿತ. ಯು ಬೋಲ್ಟ್ ಮತ್ತು ನಡುಬೋಲ್ಟ್ ಸರಿಮಾಡಿಸಿದರೆ ನಿಮ್ಮ ಕೆಲಸ ಮುಗಿಯಿತು. ಎರಡು ಅಳತೆಯೂ ಸರಿ ಬಂದು ಬೇರಿಂಗೂ ಚೆನ್ನಾಗಿದ್ದರೆ ಉಳಿದದ್ದು ಬಾಗಿದ ತುದಿ. ಅದಕ್ಕೆ ಗಾರೆಯವರು ಗೋಡೆ ನೇರ ನೋಡಲು ಇಳಿಬಿಡುವ ಗುಂಡಿನ ದಾರ ಸಾಕು. ಚಕ್ರದ ಪಕ್ಕ, ಟೈರಿನ ಉಬ್ಬಿಗೆ ತಾಗದ ಹಾಗೆ ದಾರ ಇಳಿಬಿಟ್ಟು, ದಾರದಿಂದ ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ಇರುವ ದೂರ ಅಳೆಯಿರಿ. 15 ಇಂಚಿನ ರಿಮ್ಮಿನಲ್ಲಿ ಸುಮಾರು 7 ಮಿ.ಮೀ. ವ್ಯತ್ಯಾಸ ಎಂದರೆ ಒಂದು ಡಿಗ್ರಿ ವಾಲಿದೆ. ನಾಲ್ಕೂ ಚಕ್ರಕ್ಕೆ ಮಾಡಿ, ಒಂದು ಮಾತ್ರ ಬೇರೆಯಾಗಿದೆಯೇ ನೋಡಿ.

ಬಾಗಿರುವುದು ಖಚಿತವಾದರೆ ಮನೆಯಲ್ಲಿ ಕೈಹಾಕಬೇಡಿ. ಕ್ಯಾರವಾನ್ ಮತ್ತು ಲಾರಿ ಅಲೈನ್‌ಮೆಂಟ್ ಮಾಡುವ ವರ್ಕ್‌ಶಾಪಿಗೆ ಒಯ್ಯಿರಿ. ಆಕ್ಸಲ್ಲನ್ನು ಒತ್ತಿ ನೆಟ್ಟಗೆ ಮಾಡಬಹುದೋ, ಹೊಸದೇ ಬೇಕೋ ಅವರು ಹೇಳಬೇಕು. ಒಂದು ಮಾತು ಪಟ್ಟುಹಿಡಿದು ಹೇಳಿ: ಅಲೈನ್‌ಮೆಂಟ್ ಅಳೆಯುವಾಗ ಗಾಡಿಯಲ್ಲಿ ಪ್ರಯಾಣದ ಭಾರ ಇರಬೇಕು. ಖಾಲಿ ಗಾಡಿಯಲ್ಲಿ ಸರಿ ತೋರಿದ ಚಕ್ರ ಭಾರ ಏರಿದ ಮೇಲೆ ಬೇರೆ ರೀತಿ ನಿಲ್ಲುತ್ತದೆ. ಅಳತೆಯ ಚೀಟಿಯನ್ನು, ಸರಿಪಡಿಸುವ ಮೊದಲಿನದು ಮತ್ತು ನಂತರದ್ದು ಎರಡನ್ನೂ, ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೆ ಬೇರೆ ವರ್ಕ್‌ಶಾಪ್ ನೋಡಿ.

ಇಂಗ್ಲೆಂಡಿನಲ್ಲಿರುವ ನಿಮ್ಮ ಅಣ್ಣನಿಗೂ ಕ್ಯಾರವಾನ್ ಇದೆ ಎಂದಿರಿ. ಅವರಿಗೆ ಈ ಪತ್ರ ತೋರಿಸುವುದಾದರೆ ಒಂದು ವ್ಯತ್ಯಾಸ ಹೇಳಿ. ಅಲ್ಲಿ ಹೆಚ್ಚಿನವು ಒಂದೇ ಆಕ್ಸಲ್‌ನ ಹಗುರ ಗಾಡಿಗಳು, ಲೀಫ್ ಸ್ಪ್ರಿಂಗ್ ಇರುವುದಿಲ್ಲ. ಆಲ್-ಕೋ ಮಾದರಿಯ ಆಕ್ಸಲ್‌ನಲ್ಲಿ ಆರು ಮೂಲೆಯ ಕೊಳವೆಯೊಳಗೆ ರಬ್ಬರಿನ ಸರಳುಗಳಿದ್ದು ಅವೇ ಸ್ಪ್ರಿಂಗಿನ ಕೆಲಸ ಮಾಡುತ್ತವೆ. ಅಲ್ಲಿ ನೋಡಬೇಕಾದದ್ದು ರಬ್ಬರು ಒಂದು ಬದಿ ಕುಗ್ಗಿದೆಯೇ ಎಂಬುದು: ಚಕ್ರದ ಕಮಾನಿನಿಂದ ನೆಲಕ್ಕೆ ಎಡಬಲ ಎರಡೂ ಅಳೆದರೆ ತಿಳಿಯುತ್ತದೆ. ಅಲ್ಲಿಯ ಕಾನೂನಿನ ಆಳ 1.6 ಮಿ.ಮೀ.

ಕಾರಣ ಸಿಕ್ಕಿ ಸರಿಹೋದ ಮೇಲೆ ಹೊಸ ಟೈರು. ಆಗ ಅಂಗಡಿಯವರ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಟೈರಿನ ಪಕ್ಕೆಯಲ್ಲೇ ಓದಿ. ಡಿಓಟಿ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕ್ಯಾರವಾನ್ ಟೈರು ಹೆಚ್ಚಾಗಿ ಸವೆದು ಸಾಯುವುದಿಲ್ಲ, ಮುಪ್ಪಾಗಿ ಸಾಯುತ್ತದೆ. ಬ್ರಿಟನ್ನಿನ ಕ್ಯಾರವಾನ್ ಅಂಡ್ ಮೋಟರ್‌ಹೋಮ್ ಕ್ಲಬ್ಬು ಐದು ವರ್ಷಕ್ಕೆ ಬದಲಿಸಿ, ಏಳು ದಾಟಿಸಲೇಬೇಡಿ ಎಂದು ತನ್ನ ಸದಸ್ಯರಿಗೆ ಹೇಳುತ್ತದೆ. ನಿಮ್ಮ ಉಳಿದ ಮೂರು ಟೈರು ಆ ವಯಸ್ಸು ಮೀರಿದ್ದರೆ, ಪಕ್ಕೆಯಲ್ಲಿ ಬಿರುಕು ಕಂಡರೆ, ಅಂಗಡಿಯವರು ಹೇಳಿದ್ದು ಸರಿ, ನಾಲ್ಕೂ ಬದಲಿಸಿ. ಕೊಳ್ಳುವಾಗ ಲೋಡ್ ಇಂಡೆಕ್ಸ್ ನೋಡಿ: 104 ಎಂದರೆ ಆ ಟೈರು 900 ಕಿಲೋ ಹೊರಬಲ್ಲದು, 110 ಎಂದರೆ 1060 ಕಿಲೋ. ಗಾಡಿಯ ಪ್ಲೇಟಿನಲ್ಲಿ ಇರುವುದಕ್ಕಿಂತ ಕಡಿಮೆಯದನ್ನು, ಎಷ್ಟೇ ಅಗ್ಗವಾದರೂ, ಒಪ್ಪಬೇಡಿ. ಚಕ್ರ ಹಾಕಿದ ಮೇಲೆ ನಟ್‌ಗಳನ್ನು ಟಾರ್ಕ್ ವ್ರೆಂಚಿನಲ್ಲೇ ಬಿಗಿಸಿ, 50 ಕಿ.ಮೀ. ಆದ ಮೇಲೆ ಮತ್ತೊಮ್ಮೆ, 100 ಆದ ಮೇಲೆ ಇನ್ನೊಮ್ಮೆ ನೋಡಿ.

ದೊಡ್ಡ ಪ್ರಯಾಣಕ್ಕೆ ಮೊದಲು ಒಂದು ಸಣ್ಣ ಪ್ರಯಾಣ ಮಾಡಿ. ಪೋರ್ಟ್ ಆಗಸ್ಟಾಕ್ಕೆ ಹೋಗಿಬಂದರೆ 600 ಕಿಲೋಮೀಟರಿನಷ್ಟಾಗುತ್ತದೆ. ಹೊರಡುವ ಮೊದಲು ಅಳೆದು ಬರೆದಿಡಿ, ಬಂದ ಮೇಲೆ ಮತ್ತೆ ಅಳೆಯಿರಿ. ಗೇಜಿನಲ್ಲಿ ವ್ಯತ್ಯಾಸ ಕಾಣುವುದಕ್ಕಿಂತ ಮುಂಚೆ ಅಂಗೈಗೆ ಆ ಗರಗಸದ ಹಲ್ಲು ತಿಳಿದುಬಿಡುತ್ತದೆ. ಎರಡೂ ದಿಕ್ಕಿಗೆ ನುಣುಪಾಗಿದ್ದರೆ ಧೈರ್ಯವಾಗಿ ಹೊರಡಿ. ದಾರಿಯಲ್ಲಿ ನಿಲ್ಲಿಸಿದಾಗೆಲ್ಲ ನಾಲ್ಕೂ ಚಕ್ರದ ನಡುಗುಬ್ಬಿಯ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಅಂಕಿ ಎಷ್ಟು ಎನ್ನುವುದಕ್ಕಿಂತ ನಾಲ್ಕರಲ್ಲಿ ಒಂದು ಬೇರೆಯಾಗಿದೆಯೇ ಎನ್ನುವುದು ಮುಖ್ಯ. ಮತ್ತೆ, ಓಡುವ ಕ್ಯಾರವಾನಿನೊಳಗೆ ಯಾರೂ ಇರುವಂತಿಲ್ಲ ಎಂಬುದನ್ನು ಅಪ್ಪನಿಗೆ ಮೊದಲೇ ಹೇಳಿ. ಮಧ್ಯಾಹ್ನದ ನಿದ್ದೆಗೆ ಹಾಸಿಗೆ ಇದೆಯಲ್ಲ ಎಂದು ಅವರು ಕೇಳಿಯೇ ಕೇಳುತ್ತಾರೆ.

ಸೆಡುನಾದಿಂದ ನಾರ್ಸ್‌ಮನ್‌ವರೆಗಿನ ಸುಮಾರು 1,200 ಕಿಲೋಮೀಟರಿನಲ್ಲಿ ಊರು ಎಂದು ಕರೆಯುವಂಥದ್ದು ಇಲ್ಲವೇ ಇಲ್ಲ ಎನ್ನಬೇಕು, ಇರುವುದು ರೋಡ್‌ಹೌಸ್‌ಗಳು. ನಿಮ್ಮ ಅಳತೆಯ ಟೈರು ಅಲ್ಲಿ ಸಿಕ್ಕರೆ ಅದೃಷ್ಟ. ಆ ಅದೃಷ್ಟ ನಂಬಿ ಅಪ್ಪ-ಅಮ್ಮನನ್ನು ಕರೆದುಕೊಂಡು ಹೊರಡುವುದು ಬೇಡ. ಈ ಶನಿವಾರ ಬೆಳಿಗ್ಗೆ ಎರಡು ಗಂಟೆ ಬಿಡುವು ಮಾಡಿಕೊಳ್ಳಿ, ಟೇಪಿನ ಆ ತುದಿ ಹಿಡಿಯಲು ಮಗಳನ್ನು ಕರೆಯಿರಿ. ನಾಲ್ಕು ಟೈರಿನ ಅಂಕಿಗಳು, ಮೂತಿಯಿಂದ ಆಕ್ಸಲ್‌ಗೆ ಎರಡು ಅಳತೆ, ಚಕ್ರದಿಂದ ಚಕ್ರಕ್ಕೆ ಎರಡು ಅಳತೆ, ಬಲ ಹಿಂಭಾಗದ ಟೈರಿನ ಹೊರಅಂಚಿನ ಒಂದು ಫೋಟೊ, ಇಷ್ಟು ಕಳಿಸಿ. ಬಂದ ದಿನವೇ ಕೂತು ನೋಡಿ, ಮುಂದೇನು ಮಾಡಬೇಕೆಂದು ಬರೆಯುತ್ತೇನೆ. ಅಲ್ಲಿಯವರೆಗೆ ಹೊಸ ಟೈರಿಗೆ ಮುಂಗಡ ಕೊಡಬೇಡಿ.

ಮನೆಯವರಿಗೆ, ಮಗಳಿಗೆ ನೆನಪು ತಿಳಿಸಿ.

ಇಂತಿ,
ನಿಮ್ಮ ಪ್ರೀತಿಯ ಗೆಳೆಯ